ಹನ್ನೆರಡು ಜನ, ಹದಿನಾಲ್ಕು ದಿನ

ಅಂಕೋಲೆಯ ತಹಶೀಲ್ದಾರ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಕುಮಾರ ಹುಲಿಯಾ ಗೌಡನಿಗೆ, ತಾನು ಬರೀ ಝೆರಾಕ್ಸ್ ಅಂಗಡಿಯವನಲ್ಲ ಎಂಬ ಸಂಗತಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಬುಧವಾರ ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಿರುವಾಗ ಗೊತ್ತಾಯಿತು. ಕೆಲವರಿಗೆ ಇಂಥ ಸಂಗತಿ ಹುಟ್ಟುವಾಗಲೇ ಗೊತ್ತಿರುತ್ತದೆ. ಅವರು ಮುಂದೆ ಮಂತ್ರಿಗಳಾಗುತ್ತಾರೆ. ತಡವಾಗಿ ಗೊತ್ತಾದವರು ವಿಸಿಟಿಂಗ್ ಕಾರ್ಡು ಮಾಡಿಸುತ್ತಾರೆ. ಕುಮಾರ ಸಂಜೆಯೊಳಗೆ ನೂರು ಕಾರ್ಡು ಮಾಡಿಸಿದ: ‘ಕುಮಾರ ಎಚ್. ಗೌಡ, ಸಂಸ್ಥಾಪಕರು.’ ಯಾವುದರ ಸಂಸ್ಥಾಪಕರು ಎಂದು ಬರೆಯಲು ಜಾಗ ಸಾಲಲಿಲ್ಲ.

ಆ ಮಧ್ಯಾಹ್ನ ಅವನು ಒಂದು ಮೊಬೈಲ್ ಆಪ್ ಮಾಡಿ ಮುಗಿಸಿದ್ದ. ಎರಡು ವರ್ಷ, ಜಾತಿ ಪ್ರಮಾಣಪತ್ರಕ್ಕೂ ಪಹಣಿಗೂ ನಡುವೆ ಸಿಕ್ಕ ಸಮಯದಲ್ಲಿ ವಿಡಿಯೋ ನೋಡಿ ನೋಡಿ ಕಲಿತು ಮಾಡಿದ್ದು. ಆಪಿನ ಹೆಸರು ‘ಓದುವಾ.’ ಅದು ಓದಿಸುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಅಕ್ಷರ, ಒಂದು ಸಲಕ್ಕೆ ನಾಲ್ಕೇ ಸಾಲು. ಜಾಹೀರಾತಿಲ್ಲ, ಗಂಟೆಯಿಲ್ಲ, ಬಣ್ಣವಿಲ್ಲ. ಒಳಗೆ ಇಪ್ಪತ್ತಾರು ಕತೆ. ಇಪ್ಪತ್ತೈದು ಅವನ ತಾಯಿ ಮಾದಿ ಸಸಿ ನೆಡುವಾಗ ಹೇಳುತ್ತಿದ್ದವು. ಮೊದಲನೆಯದು ಮಾತ್ರ ಭಾಗೀರಥಿ ಅಕ್ಕೋರು ಎರಡನೆ ಇಯತ್ತೆಯ ಮಕ್ಕಳಿಗೆ ಹೇಳುತ್ತಿದ್ದ ಕುರ್ಲಿಯ, ಅಂದರೆ ಏಡಿಯ, ಕತೆ.

ಆಪ್ ಹುಟ್ಟಿದ್ದೇ ಅಕ್ಕೋರ ದೆಸೆಯಿಂದ. ಕುಮಾರನಿಗೆ ಅಕ್ಷರ ಕಲಿಸಿದವರು ಅವರು. ಈಗ ಎಪ್ಪತ್ತೆಂಟು ವಯಸ್ಸು, ಅಂಕೋಲೆ ಪೇಟೆಯಲ್ಲಿ ಅಣ್ಣನ ಮಗಳು ವೈಶಾಲಿಯ ಜೊತೆ ಇದ್ದರು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಅಕ್ಷರ ಬಹಳ ದೊಡ್ಡದಾಗಿದ್ದರೆ ಮಾತ್ರ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಅವರು ಅಂಗಡಿಗೆ ಒಂದು ಪುಸ್ತಕ ತಂದು, “ತಮಾ, ಇದ್ನ ದೊಡ್ಡದು ಮಾಡಿ ಕೊಡು” ಎಂದಿದ್ದರು. ಕುಮಾರ ಮಾಡಿದ. ಸಾಲಲಿಲ್ಲ. ಇನ್ನೂ ದೊಡ್ಡದು ಮಾಡಿದ. ಕೊನೆಗೆ ಒಂದು ಪುಟ ಎಂಟು ಹಾಳೆಯಾಗಿ, ಎಂಟನ್ನೂ ನೆಲಕ್ಕೆ ಹಾಸಿದಾಗ ಗಿರಾಕಿಗಳಿಗೆ ನಿಲ್ಲಲು ಜಾಗವಿಲ್ಲದಾಯಿತು. ಅಕ್ಕೋರು ಸೆರಗು ಎತ್ತಿ ಹಿಡಿದು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತ ಒಂದು ಪುಟ ಓದಿದರು. “ಓದಿದ್ದು ಸಾಕು, ಕಾಲು ನೋಯ್ತದೆ” ಎಂದು ನಕ್ಕು ಹೋದರು. ಕುಮಾರನಿಗೆ ಆ ನಗು ಮರೆಯಲಾಗಲಿಲ್ಲ.

ಆ ಬುಧವಾರವೇ ಅವನು ಅಕ್ಕೋರ ಮನೆಗೆ ಹೋಗಿ, ಅವರ ಮೊಬೈಲಿಗೆ ಆಪ್ ಹಾಕಿ ಬರಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ಸಂಸ್ಥಾಪಕರು ಹಾಗೆಲ್ಲ ಕೊಂಕುಳಲ್ಲಿ ಇಟ್ಟುಕೊಂಡು ಹೋಗಿ ಕೊಡುತ್ತಾರೆಯೆ? ಅಕ್ಕೋರು ಶಾಲೆಯಲ್ಲಿ ಮಕ್ಕಳ ಕಚ್ಚಾ ಪಟ್ಟಿಯನ್ನು, ಅಂದರೆ ರಫ್ ನೋಟುಬುಕ್ಕನ್ನು, ಎಂದೂ ಮುಟ್ಟಿದವರಲ್ಲ. ಪಕ್ಕಾ ಪಟ್ಟಿಯಲ್ಲಿ ಬರೆದು ತಂದರೆ ಮಾತ್ರ ನೋಡುವವರು. ಅವರಿಗೆ ಕೊಡುವುದಾದರೆ ಲೋಕದ ಎಲ್ಲ ಆಪುಗಳು ಸಿಗುವ ಅಂಗಡಿಯಿಂದಲೇ, ಅವರ ಕೈಯಿಂದಲೇ ಇಳಿಸಿಕೊಡಬೇಕು ಎಂದು ಕುಮಾರ ನಿಶ್ಚಯಿಸಿದ.

ಆ ಆಪ್ ಅಂಗಡಿಯ ಕಂಪನಿಗೆ ಒಂದು ನಿಯಮವಿತ್ತು. ಹೊಸಬರು ಮಾಡಿದ ಆಪನ್ನು ಮೊದಲು ಹನ್ನೆರಡು ಜನ ತಮ್ಮ ಮೊಬೈಲಿನಲ್ಲಿ ಹಾಕಿಕೊಂಡು ಹದಿನಾಲ್ಕು ದಿನ ಬಿಡದೆ ಇಟ್ಟುಕೊಳ್ಳಬೇಕು. ಇದಕ್ಕೆ ‘ಕ್ಲೋಸ್ಡ್ ಟೆಸ್ಟ್’ ಎಂದು ಹೆಸರು. ನಡುವೆ ಒಬ್ಬ ತೆಗೆದರೂ ಲೆಕ್ಕ ಮತ್ತೆ ಒಂದರಿಂದ.

ಹನ್ನೆರಡು ಜನ ಎಂದರೇನು ಮಹಾ? ಕುಮಾರ ಊರೆಲ್ಲ ಕೇಳಿದ. ಎಲ್ಲರೂ “ಅಡ್ಡಿಲ್ಲ” ಎಂದರು. ನಮ್ಮ ಕಡೆ ಈ ಮಾತಿಗೆ ಆಗಲಿ, ಸಂತೋಷ, ಬಹಳ ಉಪಕಾರವಾಯಿತು ಎಂಬೆಲ್ಲ ಅರ್ಥವಿರುವುದಲ್ಲದೆ, ನಾನಂತೂ ಮಾಡುವುದಿಲ್ಲ ಎಂಬ ಅರ್ಥವೂ ಇದೆ. ಎಂಟು ದಿನ ಕಳೆದ ಮೇಲೆ ನೋಡಿದರೆ ಪಟ್ಟಿಯಲ್ಲಿ ಇದ್ದವರು ಇಬ್ಬರು: ಅವನು, ಅವನ ಹೆಂಡತಿ ಸುನೀತಾ.

ಒಂಬತ್ತನೆಯ ದಿನ ಬೆಳಿಗ್ಗೆ ಕುಮಾರ ಹೆದ್ದಾರಿಯ ಚಹದಂಗಡಿಯಲ್ಲಿ ಮುಖ ಇಳಿಬಿಟ್ಟು ಕೂತಿದ್ದ. ನೆರೆಮನೆಯ ಮಾಬ್ಲೇಶ್ವರ ಕೈಗಾದ ಕಂಪನಿ ಬಸ್ಸಿಗೆ ಕಾಯುತ್ತ ಪಕ್ಕದಲ್ಲಿ ನಿಂತಿದ್ದ. ಮಾಬ್ಲೇಶ್ವರನಿಗೆ ಮಾತು ಪೂರ್ತಿ ಕೇಳುವ ವ್ಯವಧಾನ ಹುಟ್ಟಿನಿಂದಲೇ ಇರಲಿಲ್ಲ, ಹೇಳುವ ಉತ್ಸಾಹ ಮಾತ್ರ ಎರಡು ಪಾಲು ಇತ್ತು.

“ಎಂತ ಆತಾ ಕುಮಾರಾ? ಮೀನು ಸಿಗದ ಬೆಕ್ಕಿನ ಹಂಗೆ ಕೂತಿದ್ಯಲ್ಲ?”

“ಟೆಸ್ಟಿಂದು ಮಾರಾಯ. ನಂಗೆ ಇರೂದು ಹದಿನಾಲ್ಕೇ ದಿನ. ಹನ್ನೆರಡು ಜನ ಕೈ ಬಿಡದೆ ಹಿಡ್ಕಂಡ್ರೆ ಪಾರಾಗ್ತೆ. ಇಲ್ದಿದ್ರೆ ಎರಡು ವರ್ಷದ್ದು ಎಲ್ಲ ಮುಗೀತು.”

“ಅಯ್ಯೋ! ಎರಡು ವರ್ಷದಿಂದಾ?”

“ಹೌದು. ಯಾರಿಗೂ ಹೇಳ್ಲಿಲ್ಲಾಗಿತ್ತು.”

ಅಷ್ಟರಲ್ಲಿ ಬಸ್ಸು ಬಂತು. ಮಾಬ್ಲೇಶ್ವರ ಒಂದು ಕಾಲು ನೆಲದಲ್ಲಿ ಒಂದು ಕಾಲು ಮೆಟ್ಟಿಲಲ್ಲಿ ಇಟ್ಟು ಕುಮಾರನನ್ನು ನೋಡಿದ ನೋಟ ಹೇಗಿತ್ತೆಂದರೆ, ಕುಮಾರ ತನ್ನ ಹಿಂದೆ ಯಾರಾದರೂ ಸತ್ತು ಬಿದ್ದಿದ್ದಾರೋ ಎಂದು ತಿರುಗಿ ನೋಡಿದ.

ಬಸ್ಸು ಬಿಣಗಾ ದಾಟುವಾಗ ಕುಮಾರನಿಗೆ ಆರಾಮಿಲ್ಲ ಎಂದಿತ್ತು. ಕಾರವಾರದಲ್ಲಿ ಹತ್ತಿದವರಿಗೆ ಕಿಡ್ನಿ ಎಂದು ತಿಳಿಯಿತು. ಕಿನ್ನರ ದಾಟುವಾಗ ಎರಡೂ ಕಿಡ್ನಿ ಹೋಗಿದ್ದವು. ಕೈಗಾ ಮುಟ್ಟುವ ಹೊತ್ತಿಗೆ ಡಾಕ್ಟರು ಹದಿನಾಲ್ಕು ದಿನದ ಗಡುವು ಕೊಟ್ಟು, ಹನ್ನೆರಡು ಜನರ ರಕ್ತ ಪರೀಕ್ಷೆ ಆಗಬೇಕು ಎಂದಿದ್ದರು. ಸಂಜೆ ಅದೇ ಬಸ್ಸು ತಿರುಗಿ ಬರುವಾಗ ದಾರಿಯುದ್ದಕ್ಕೂ ಇಳಿದವರೆಲ್ಲ ಸುದ್ದಿಯನ್ನು ತಂತಮ್ಮ ಕೇರಿಗೆ ಒಯ್ದರು.

ಮರುದಿನ ಬೆಳಗಾಗುವಷ್ಟರಲ್ಲಿ ಚೆಂಡಿಯಾದಿಂದ ಸುಕ್ರ ಮಾವ ಬಂದ. ಸುಕ್ರ ಮಾದಿಯ ತಮ್ಮ. ನೌಕಾನೆಲೆಗೆ ಜಮೀನು ಹೋದಾಗ ಮನೆ ಬಿಟ್ಟು ಹೊಸ ಜಾಗಕ್ಕೆ ಬಂದವನು. ಅಂದಿನಿಂದ ಯಾರು ಏನಿಲ್ಲ ಎಂದರೂ ಅವನು ನಂಬುತ್ತಿರಲಿಲ್ಲ. ಅಂಗಳದಲ್ಲೇ ಎಳನೀರಿನ ಗೊನೆ ಒಗೆದು ಕುಮಾರನನ್ನು ತಬ್ಬಿಕೊಂಡ.

“ಏನಿಲ್ಲ ಮಾವ, ನಂಗೆ ಏನೂ ಆಗ್ಲಿಲ್ಲ!”

“ಏನಿಲ್ಲ ಅನ್ನೂದೇ ದೊಡ್ಡ ರೋಗ! ನಮ್ಗೂ ಮೊದ್ಲು ಏನಿಲ್ಲ ಏನಿಲ್ಲ ಅಂದಿದ್ರು. ಆಮೇಲೆ ಒಲೆ ಸಮೇತ ಏಳ್ಸಿದ್ರು. ನಾ ಎಂತ ಕೊಡ್ಲಿ ಹೇಳು. ರಕ್ತ ಬೇಕಾ? ಕಿಡ್ನಿ ಬೇಕಾ?”

ಕುಮಾರ ಉಸಿರು ಬಿಡಿಸಿಕೊಂಡು ಬಾಯಿಗೆ ಬಂದದ್ದು ಹೇಳಿದ: “ಮೊಬೈಲು ಕೊಡು ಮಾವ.”

ಸುಕ್ರ ಅಂಗಿಯ ಕಿಸೆಯಿಂದ ಮೊಬೈಲು ತೆಗೆದು, ಒಮ್ಮೆ ಅದನ್ನು ನೋಡಿ, ಎರಡೂ ಕೈಯಿಂದ ಅಂಗಾಂಗ ದಾನ ಮಾಡುವವನ ಹಾಗೆ ಒಪ್ಪಿಸಿದ. ಕುಮಾರ ಆಪ್ ಹಾಕಿದ. ಪಟ್ಟಿಯಲ್ಲಿ ಮೂರು ಜನರಾದರು.

ಆಮೇಲೆ ಬಂದವರು ಒಬ್ಬಿಬ್ಬರಲ್ಲ. ಮಾಬ್ಲೇಶ್ವರ ಬಸ್ಸಿನವರನ್ನೇ ನಾಲ್ಕು ಜನ ಕರೆತಂದ. ಮೊನ್ನೆ “ಅಡ್ಡಿಲ್ಲ” ಎಂದವರೆಲ್ಲ ಈಗ ಮೋಸಂಬಿ ಹಿಡಿದು ಬಂದು, “ಎಂತದೋ ಹಾಕೂದಿತ್ತಂತಲ್ಲ, ಹಾಕು” ಎಂದು ಮೊಬೈಲು ಮುಂದೆ ಹಿಡಿದರು. ಕುಮಾರ ಮೊದಲ ಮೂವರಿಗೆ ನಿಜ ಹೇಳಿದ. ಅವರು ಅವನ ಧೈರ್ಯಕ್ಕೆ ಮೆಚ್ಚಿ ಇನ್ನಷ್ಟು ಅತ್ತರು. ನಾಲ್ಕನೆಯವನಿಗೆ ಹೇಳುವ ಮೊದಲು ಪಟ್ಟಿ ನೋಡಿದ, ಒಂಬತ್ತು ಆಗಿತ್ತು. ಸತ್ಯಕ್ಕೆ ಯಾವಾಗಲೂ ಅವಕಾಶವಿದೆ, ಆಪಿಗೆ ಹಾಗಲ್ಲ ಎಂದು ಅವನಿಗೆ ತೋರಿತು. ಸುಮ್ಮನೆ ಒಮ್ಮೆ ಕೆಮ್ಮಿದ. ಸಂಜೆಗೆ ಹನ್ನೆರಡು ಭರ್ತಿಯಾಯಿತು.

“ಇದು ಚಲೋ ಆಗ್ಲಿಲ್ಲ ನೋಡಿ,” ಎಂದಳು ಸುನೀತಾ, ಮೋಸಂಬಿಗೆ ಜಾಗ ಸಾಲದೆ ಅಕ್ಕಿ ಡಬ್ಬಿಯಲ್ಲಿ ತುಂಬುತ್ತ. “ಜನ ಬಂದು ನನ್ನ ಕುಂಕುಮ ನೋಡಿ ಕಣ್ಣೀರು ಹಾಕ್ತ್ರು. ನಾ ಎಂತ ಮಾಡ್ಲಿ?”

“ಹದಿನಾಲ್ಕು ದಿನ ಸುಮ್ನಿರು.”

“ಇಲ್ಲದ ರೋಗ ಹೇಳ್ಕಂಡ್ರೆ ಅದು ಮನೆ ಹುಡಿಕ್ಕಂಡಿ ಬರ್ತದೆ,” ಎಂದಳು ಒಳಗಿನಿಂದ ಮಾದಿ. “ಬಂದು ಮನೇಲಿ ಯಾರು ಸಿಕ್ತ್ರೋ ಅವ್ರ ಹಿಡೀತದೆ.”

ಐದನೆಯ ದಿನ ಆರೋಗ್ಯ ಇಲಾಖೆಯ ಇಬ್ಬರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದು ಅಂಗಳದಾಚೆ ನಿಂತರು. ಹದಿನಾಲ್ಕು ದಿನ ಎಂದ ಕೂಡಲೇ ಇಲಾಖೆಗೆ ಹಳೆಯ ನೆನಪು ಬರುತ್ತದೆ.

“ಟೆಸ್ಟ್ ಮಾಡ್ಸಿದ್ದು ಹೌದಾ?” ಎಂದ ಹಿರಿಯ ಅಧಿಕಾರಿ.

“ನಡೀತಾ ಅದೆ ಸರ್.”

“ಯಾವ ಥರದ ಟೆಸ್ಟು?”

“ಕ್ಲೋಸ್ಡ್ ಟೆಸ್ಟು ಸರ್.”

“ಕ್ಲೋಸ್ಡ್,” ಎಂದು ಅಧಿಕಾರಿ ಇನ್ನೆರಡು ಹೆಜ್ಜೆ ಹಿಂದೆ ಸರಿದ. “ಬರ್ಕಳ್ರಿ. ಎಷ್ಟು ಜನರಿಗೆ ತಾಗಿದೆ?”

“ಹನ್ನೆರಡು ಜನ ಹಾಕ್ಕಂಡ್ರು ಸರ್. ಮುಂದೆ ಲೋಕಕ್ಕೆಲ್ಲ ಹೋಗೂದು.”

“ಲೋಕಕ್ಕೆಲ್ಲ?”

“ಪರವಾನಗಿ ಸಿಕ್ಕಿದ ಕೂಡ್ಲೆ.”

ಅಧಿಕಾರಿ ಪೆನ್ನು ಮುಚ್ಚಿ ಕಿರಿಯನ ಮುಖ ನೋಡಿದ. ಕಿರಿಯ ಅಷ್ಟರಲ್ಲಿ ಜೀಪು ಹತ್ತಿದ್ದ. ಮಾರನೆ ದಿನ ಮನೆಯ ಸುತ್ತ ಬ್ಲೀಚಿಂಗ್ ಪುಡಿ ಬಿದ್ದಿತ್ತು. ಊರಿನವರ ಉಳಿದ ಸಂಶಯವೂ ಅದರಿಂದ ತೊಳೆದು ಹೋಯಿತು.

ಹತ್ತನೆಯ ದಿನ ಬೆಳಿಗ್ಗೆ ಪಟ್ಟಿ ನೋಡಿದರೆ ಹನ್ನೊಂದು. ಯಾರು ಕೈ ಬಿಟ್ಟರು? ಒಬ್ಬೊಬ್ಬರಿಗೂ ಫೋನು ಮಾಡಿ, ಕೊನೆಗೆ ಮೋಟಾರ್ ಸೈಕಲ್ ಏರಿ ಚೆಂಡಿಯಾಕ್ಕೆ ಓಡಿದ. ಎರಡು ಕಿಡ್ನಿ ಇಲ್ಲದವನು ಘಟ್ಟದ ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕಿದ್ದನ್ನು ಕಂಡವರು ಕೊನೆಗಾಲದ ಹುಮ್ಮಸ್ಸು ಎಂದು ಮಾತಾಡಿಕೊಂಡರು.

ಸುಕ್ರ ಜಗಲಿಯಲ್ಲಿ ಕೂತಿದ್ದ.

“ಮಾವ, ಆಪ್ ತೆಗ್ದ್ಯಾ?”

“ಎಂತ ಮಾಡೂದು ತಮಾ, ಜಾಗ ಇರ್ಲಿಲ್ಲ. ಪೋಟೋ ಇಳೀಲೇ ಇಲ್ಲ.”

“ಯಾವ ಪೋಟೋ?”

ಸುಕ್ರ ಮೊಬೈಲನ್ನು ಬೆನ್ನ ಹಿಂದೆ ಅಡಗಿಸಿದ. ಕುಮಾರ ಕಿತ್ತುಕೊಂಡು ನೋಡಿದರೆ ಅವನದೇ ಫೋಟೋ, ನಾಲ್ಕು ನಮೂನೆಯದು. ಮದುವೆಯದು, ಅಂಗಡಿ ಶುರು ಮಾಡಿದ್ದು, ಧರ್ಮಸ್ಥಳದ್ದು, ಆಧಾರ ಕಾರ್ಡಿನದು. ಕೆಳಗೆ ಫ್ಲೆಕ್ಸ್ ಅಂಗಡಿಯವನ ಪ್ರಶ್ನೆ: ‘ಯಾವುದು ಹಾಕಲಿ? ದೀಪ ಒಂದು ಬದಿಗೋ ಎರಡು ಬದಿಗೋ?’

“ಮದ್ವೆದು ಚಲೋ ಅದೆ,” ಎಂದ ಸುಕ್ರ ಕಣ್ಣು ಒರೆಸಿಕೊಳ್ಳುತ್ತ. “ಅದ್ರಲ್ಲಿ ನೀ ನಗ್ತಿದ್ದೆ.”

ಕುಮಾರ ಅಲ್ಲಿಯೇ ಕೂತ. ತನ್ನ ಮೇಲೆ ಇಷ್ಟು ಪ್ರೀತಿ ಈ ಮುದುಕನಿಗೆ ಇದೆಯೆಂದು ಅವನಿಗೆ ಮೊದಲು ಗೊತ್ತಿರಲಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ಹೇಳಲೆಂದು ಬಾಯಿಯನ್ನೂ ತೆರೆದ. ಆದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗಬೇಕಿತ್ತು. ಫೋಟೋಗಳನ್ನು ಅಳಿಸಿ ಆಪನ್ನು ಮತ್ತೆ ಹಾಕಿದ.

“ಮಾವ, ಇನ್ನೂ ಹದಿನಾಲ್ಕು ದಿನ ಅದೆ. ತೆಗೀಬೇಡ.”

“ಇನ್ನೂ ಹದಿನಾಲ್ಕಾ? ಡಾಕ್ಟರು ಕೊಟ್ರಾ?”

“ಕಂಪನಿಯವ್ರು ಕೊಟ್ರು.”

“ಕಂಪನಿಯವ್ರಿಗೆ ದೇವ್ರು ಚಲೋದು ಮಾಡ್ಲಿ,” ಎಂದು ಸುಕ್ರ ಆಕಾಶಕ್ಕೆ ಕೈ ಮುಗಿದ.

ಎರಡನೆಯ ಹದಿನಾಲ್ಕು ದಿನದ ನಡುವೆ ಚೌತಿ ಬಂತು. ಹಬ್ಬ ಮುಗಿದು ಮೂರು ದಿನಕ್ಕೆ, ಸಂಜೆ ನಾಲ್ಕು ಗಂಟೆಗೆ, ಅಂಗಳದಲ್ಲಿ ಆಟೋ ನಿಂತಿತು. ವೈಶಾಲಿಯ ಭುಜ ಹಿಡಿದು ಭಾಗೀರಥಿ ಅಕ್ಕೋರು ಇಳಿದರು. ಜಗಲಿಯಲ್ಲಿ ಮಾಬ್ಲೇಶ್ವರನೂ ಬಸ್ಸಿನವರೂ ಮೋಸಂಬಿ ಸುಲಿಯುತ್ತ ಕೂತಿದ್ದರು. ಎಲ್ಲರೂ ಎದ್ದು ನಿಂತರು. ಅರ್ಧ ಜನ ಅವರ ಕೈಯಲ್ಲಿ ಪೆಟ್ಟು ತಿಂದವರೇ.

ಅಕ್ಕೋರು ಕುಮಾರನ ಮುಖವನ್ನು ತಮ್ಮ ಮುಖದ ಹತ್ತಿರ ಎಳೆದುಕೊಂಡು, ಉಳಿದ ಒಂದು ಕಣ್ಣಿನಿಂದ ಪುಸ್ತಕ ನೋಡುವ ಹಾಗೆ ನೋಡಿದರು.

“ಬಾತದೆ ಮುಖ,” ಎಂದರು ವೈಶಾಲಿಗೆ.

ಬಾತದ್ದಲ್ಲ; ಇಪ್ಪತ್ತು ದಿನ ಬರುವವರೆಲ್ಲ ಊಟ ತಂದು ತಿನ್ನಿಸಿ ಮೂರು ಕಿಲೊ ಜಾಸ್ತಿಯಾಗಿತ್ತು. ಕುಮಾರ ನೆಲ ನೋಡಿದ.

“ತಮಾ, ಓದೂದು ಎಂತದೋ ಮಾಡ್ತೆ ಅಂದಿದ್ಯಲ್ಲ. ಆತಾ?”

“ಆತು ಅಕ್ಕೋರೆ. ಬರೂದಷ್ಟೇ ಬಾಕಿ.”

“ತೋರ್ಸು.”

ಮೊಬೈಲು ಅವನ ಕಿಸೆಯಲ್ಲೇ ಇತ್ತು. ತೆಗೆದರೆ ಮುಗಿಯುತ್ತಿತ್ತು. ಆದರೆ ಜಗಲಿಯ ತುಂಬ ಜನ. ಅಕ್ಕೋರು ಎಲ್ಲರೆದುರು ಓದಿ, ಟೆಸ್ಟು ಅಂದರೆ ರಕ್ತದ್ದಲ್ಲ, ಇದೇ ಎಂದು ಜಗಲಿಯವರಿಗೆ ತಿಳಿದುಬಿಟ್ಟರೆ, ಅಲ್ಲಿದ್ದ ಐದು ಮೊಬೈಲಿನಿಂದಲೂ ಆಪ್ ಅಲ್ಲೇ ಮಾಯವಾಗುತ್ತಿತ್ತು. ಐದು ದಿನ ಬಾಕಿ ಇತ್ತು.

“ಇನ್ನೊಂದು ಹದಿನೈದು ದಿನ ಅಕ್ಕೋರೆ. ಪಕ್ಕಾ ಆಗಿ ಬರ್ತದೆ. ನಿಮ್ಮ ಕೈಗೇ ಮೊದ್ಲು ಕೊಡ್ತೆ. ಮೊದ್ಲನೆ ಕತೆ ನಿಮ್ಮ ಕುರ್ಲಿದೇ.”

“ಹದಿನೈದು ದಿನ ಯಾರು ಕಂಡದ್ದು ತಮಾ?” ಎಂದರು ಅಕ್ಕೋರು ಮೆಲ್ಲಗೆ. “ಕಚ್ಚಾ ಇದ್ರೂ ಅಡ್ಡಿಲ್ಲ. ತೋರ್ಸು.”

ಅಕ್ಕೋರು ತಮ್ಮ ಆಯುಷ್ಯದಲ್ಲಿ ಕಚ್ಚಾ ಪಟ್ಟಿ ಕೇಳಿದ್ದು ಅದೊಂದೇ ಸಲ. ಕುಮಾರ ಅದನ್ನು ಗಮನಿಸಲಿಲ್ಲ. “ಇಲ್ಲ ಅಕ್ಕೋರೆ, ನೀವು ಕಲ್ಸಿದ್ದೇ ಹಂಗಲ್ಲ” ಎಂದು ನಕ್ಕ. ಜಗಲಿಯವರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಅಕ್ಕೋರು ಸ್ವಲ್ಪ ಹೊತ್ತು ಅವನ ಕೈ ಹಿಡಿದು ಕೂತು, ಸುನೀತಾ ಕೊಟ್ಟ ಚಹ ಅರ್ಧ ಕುಡಿದು ಹೋದರು.

ಹದಿನಾಲ್ಕು ದಿನ ನಿರ್ವಿಘ್ನವಾಗಿ ಮುಗಿದವು. ಕುಮಾರ ಕಂಪನಿಗೆ ಅರ್ಜಿ ಹಾಕಿದ. ಹತ್ತು ದಿನಕ್ಕೆ ಉತ್ತರ ಬಂತು: ಆಪ್ ತೆರೆದ ಕೂಡಲೆ ಬಳಕೆದಾರರ ಮಾಹಿತಿ ಕುರಿತ ಪ್ರಕಟಣೆ ಕಾಣಬೇಕು, ಅವರು ಓದಿ ‘ಒಪ್ಪಿದೆ’ ಎಂದು ಒತ್ತಬೇಕು, ಅದಿಲ್ಲದ್ದರಿಂದ ತಿರಸ್ಕರಿಸಲಾಗಿದೆ. ಸರ್ಕಾರಿ ಅರ್ಜಿಗಳಲ್ಲಿ ಪಳಗಿದ ಕುಮಾರನಿಗೆ ಇದೇನು ಕಷ್ಟವಲ್ಲ. ಎರಡು ಪುಟದ ಪ್ರಕಟಣೆಯನ್ನು ಗಂಭೀರ ಕನ್ನಡದಲ್ಲಿ ಬರೆದು, ಅದನ್ನೂ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಮೊದಲಿಗೆ ಜೋಡಿಸಿ ಮತ್ತೆ ಕಳಿಸಿದ. ಮತ್ತೆ ಕಾದ. ಈ ನಡುವೆ ಅವನು ಸಾಯದೆ ಇದ್ದುದು ಊರಿನಲ್ಲಿ ಸ್ವಲ್ಪ ಬೇಸರಕ್ಕೂ ಕಾರಣವಾಗತೊಡಗಿತ್ತು. ಮೋಸಂಬಿ ಬರುವುದು ನಿಂತಿತು. “ಎಷ್ಟಂತ ಕಾಯೂದು, ನಮ್ಗೂ ಕೆಲ್ಸ ಇಲ್ವಾ?” ಎಂದು ಮಾಬ್ಲೇಶ್ವರ ಬಸ್ಸಿನಲ್ಲಿ ಹೇಳಿದನಂತೆ.

ದಸರೆ ಕಳೆದ ಮೂರನೆಯ ದಿನ ಬೆಳಿಗ್ಗೆ ‘ಓದುವಾ’ ಲೋಕದ ಅಂಗಡಿಯಲ್ಲಿ ಕಂಡಿತು.

“ಮೊದ್ಲು ಊರಿಗೆ ಖರೇ ಹೇಳಿ ಬನ್ನಿ,” ಎಂದಳು ಸುನೀತಾ. “ಮಾವನ ಮನೆಗಾದ್ರೂ.”

“ಮೊದ್ಲು ಅಕ್ಕೋರು,” ಎಂದ ಕುಮಾರ. ಇಸ್ತ್ರಿ ಅಂಗಿ ತೊಟ್ಟ. ವಿಸಿಟಿಂಗ್ ಕಾರ್ಡೊಂದನ್ನು ಕಿಸೆಗೆ ಹಾಕಿಕೊಂಡ. ಪೇಟೆಯಲ್ಲಿ ಅರ್ಧ ಕಿಲೊ ಪೇಢೆ ಕಟ್ಟಿಸಿಕೊಂಡ.

ಅಕ್ಕೋರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ವೈಶಾಲಿ “ಕುಮಾರಣ್ಣ ಬಂದ” ಎಂದ ಕೂಡಲೆ ಮುಖ ಅರಳಿತು.

“ಹೆಂಗಿದ್ಯೋ?”

“ಅದು ಆಮೇಲೆ ಅಕ್ಕೋರೆ. ಪಕ್ಕಾ ಪಟ್ಟಿ ತಂದೆ. ನಿಮ್ಮ ಮೊಬೈಲು ಕೊಡಿ.”

ಕುಮಾರ ಅಂಗಡಿ ತೆರೆದು, ‘ಓದುವಾ’ ಹುಡುಕಿ, ಅಕ್ಕೋರ ತೋರುಬೆರಳನ್ನೇ ಹಿಡಿದು ಒತ್ತಿಸಿದ. ಆಪ್ ಇಳಿಯಿತು. ತೆರೆದು ಅವರ ಕೈಯಲ್ಲಿ ಇಟ್ಟ. ಎರಡು ತಿಂಗಳಿಂದ ಈ ಗಳಿಗೆಯನ್ನು ಅವನು ಎಷ್ಟೋ ಸಲ ನೆನೆಸಿಕೊಂಡಿದ್ದ.

“ಕಾಣ್ತದ ಅಕ್ಕೋರೆ?”

“ಹ್ಞಾಂ! ಎಷ್ಟು ಚಲೋ ಕಾಣ್ತದೆ,” ಎಂದರು ಅಕ್ಕೋರು. ಮೊಬೈಲನ್ನು ಮುಖದ ಹತ್ತಿರ ಹಿಡಿದರು. ಬೆರಳನ್ನು ಪರದೆಯ ಮೇಲೆ ಎಡದಿಂದ ಬಲಕ್ಕೆ ನಡೆಸುತ್ತ, ಶಾಲೆಯ ದನಿಯಲ್ಲಿ ಓದತೊಡಗಿದರು.

“ಒಂದು ಊರಿನ ಕಡಲ ದಂಡೆಯಲ್ಲಿ ಒಂದು ಕುರ್ಲಿ ಇತ್ತು. ಅದು ದಿನಾ ಮರಳಲ್ಲಿ ಮನೆ ಕಟ್ಟುತ್ತಿತ್ತು. ದಿನಾ ಕಡಲು ಬಂದು ಮನೆ ಒಯ್ಯುತ್ತಿತ್ತು. ಒಂದು ದಿನ ಕುರ್ಲಿ ತನ್ನ ಎಂಟು ಕಾಲಿನಿಂದ ಮರಳ ಮೇಲೆ ಕಡಲಿಗೆ ಒಂದು ಅರ್ಜಿ ಬರೆಯಿತು…”

ಕುಮಾರ ಸಂತೋಷದಲ್ಲಿ ಬಗ್ಗಿ, ಅವರ ಭುಜದ ಮೇಲಿಂದ ಪರದೆ ನೋಡಿದ.

ಪರದೆಯ ಮೇಲೆ ಕುರ್ಲಿ ಇರಲಿಲ್ಲ. ‘ಬಳಕೆದಾರರ ಮಾಹಿತಿ ಕುರಿತು ಪ್ರಕಟಣೆ’ ಎಂದಿತ್ತು. ಕೆಳಗೆ ‘ಒಪ್ಪಿದೆ’ ಎಂಬ ಗುಂಡಿ. ಅದನ್ನು ಒತ್ತದೆ ಆಪ್ ಒಂದಕ್ಷರ ಮುಂದೆ ಹೋಗುತ್ತಿರಲಿಲ್ಲ. ಅಕ್ಕೋರ ಬೆರಳು ‘ಪ್ರಕಟಣೆ’ಯ ಮೇಲೆ ಸರಿಯುತ್ತ ಸರಿಯುತ್ತ, ಕುರ್ಲಿಯ ಅರ್ಜಿಯನ್ನು ಕಡಲು ಓದುವ ಮೊದಲೇ ಅಳಿಸಿತು, ಕುರ್ಲಿ ಮರುದಿನ ಮತ್ತೆ ಬರೆಯಿತು ಎಂದು ಓದುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಕತೆ. ಒಂದು ಶಬ್ದ ತಪ್ಪಲಿಲ್ಲ.

ಕತೆ ಮುಗಿಯಿತು. “ಎಷ್ಟು ದೊಡ್ಡ ಅಕ್ಷರ ತಮಾ! ಕಣ್ಣಿಗೆ ತಂಪಾತು,” ಎಂದರು. ಹೇಳುವಾ‌ಗ ಅವರ ಮುಖ ಕುಮಾರನ ಕಡೆಗಿರಲಿಲ್ಲ. ಅವನು ಮೊದಲು ನಿಂತಿದ್ದ ಕಡೆಗಿತ್ತು.

ಬಾಗಿಲಲ್ಲಿ ನಿಂತಿದ್ದ ವೈಶಾಲಿ ಕೈಸನ್ನೆ ಮಾಡಿದಳು. ಕುಮಾರ ಅವಳ ಹಿಂದೆ ಜಗಲಿಗೆ ಬಂದ.

“ಯಾವಾಗ?”

“ಮಹಾಲಯ ಅಮಾವಾಸ್ಯೆ ದಿನ ಬೆಳಿಗ್ಗೆ. ಕಣ್ಣಿನ ಒಳಗೆ ರಕ್ತ ಒಡೆದದೆ ಅಂದ್ರು. ಹುಬ್ಬಳ್ಳಿಗೂ ಕರ್ಕಂಡು ಹೋಗಿದ್ದೆ. ಇನ್ನು ಬರೂದಿಲ್ವಂತೆ.” ವೈಶಾಲಿ ದನಿ ತಗ್ಗಿಸಿದಳು. “ನಿಂಗೆ ಹೇಳೂದೇ ಬೇಡ ಅಂದಿದ್ರು. ಆ ಹುಡ್ಗ ಇನ್ನೆಷ್ಟು ದಿನವೋ, ಅಂವ ಮಾಡಿದ್ದು ನಾ ಓದಿದೆ ಅಂತ ತಿಳ್ಕಂಡೇ ಹೋಗ್ಲಿ ಅಂದ್ರು.”

ಕುಮಾರ ಕಂಬ ಹಿಡಿದುಕೊಂಡ.

“ನಿಮ್ಮನೆಗೆ ಬಂದಿದ್ವಲ್ಲ, ಆಗ ಕಾಣ್ತಿತ್ತು. ದೊಡ್ಡ ಅಕ್ಷರ ಚಲೋ ಕಾಣ್ತಿತ್ತು. ಗೋಡೆಯ ಪಂಚಾಂಗದಲ್ಲಿ ತಾರೀಕಿನ ಅಂಕಿ ದೊಡ್ಡದಲ್ಲ, ದಿನಾ ಹೋಗಿ ಅದೊಂದೇ ಓದಿ ಬರ್ತಿದ್ರು. ಆಮೇಲೆ ಕುಮಾರ ಬಂದ್ನಾ ಅಂತ ಕೇಳ್ತಿದ್ರು.”

ಚೌತಿಯ ಮೂರನೆಯ ದಿನದಿಂದ ಮಹಾಲಯ ಅಮಾವಾಸ್ಯೆಗೆ ಇಪ್ಪತ್ತೆರಡು ದಿನ. ಇಪ್ಪತ್ತಾರು ಕತೆ. ದಿನಕ್ಕೊಂದರಂತೆ ಓದಿದ್ದರೂ ಹೆಚ್ಚುಕಡಿಮೆ ಮುಗಿಯುತ್ತಿತ್ತು. ಆ ಮೊದಲ ಬುಧವಾರದಿಂದ ಓದಿದ್ದರೆ ಎರಡು ಸಲ ಮುಗಿಯುತ್ತಿತ್ತು. ಕುಮಾರನಿಗೆ ಅಳು ಬರಲಿಲ್ಲ. ಒಳಗೆ ಬಂದು ಅಕ್ಕೋರ ಕುರ್ಚಿಯ ಕಾಲ ಬುಡದಲ್ಲಿ ನೆಲಕ್ಕೆ ಕೂತ.

“ಅಕ್ಕೋರೆ, ಒಂದು ಮಾತು ಹೇಳೂದದೆ.”

“ಹೇಳು ತಮಾ. ಹೆದ್ರಬೇಡ.”

“ನಂಗೆ ಯಾವ ರೋಗವೂ ಇಲ್ಲ. ಕಿಡ್ನಿ ಎರಡೂ ಗಟ್ಟಿ ಅದೆ. ಆಪಿಗೆ ಹನ್ನೆರಡು ಜನ ಬೇಕಾಗಿತ್ತು. ಯಾರೂ ಹಾಕ್ಕಳ್ಲಿಲ್ಲ. ಸಾಯ್ತಾನೆ ಅಂತ ತಿಳ್ದು ಹಾಕ್ಕಂಡ್ರು. ನಾನು ಸುಮ್ಮಂಗಿದ್ದೆ.”

ಹೊರಗೆ ಯಾರೋ ಬಂಗಡೆ ಬಂಗಡೆ ಎಂದು ಕೂಗುತ್ತ ಹೋದರು.

“ಖರೇನಾ?”

“ನಿಮ್ಮಾಣೆ.”

“ಸಾಯೂದಿಲ್ವಾ?”

“ಸದ್ಯಕ್ಕಿಲ್ಲ ಅಕ್ಕೋರೆ.”

ಅಕ್ಕೋರ ಕೈ ಗಾಳಿಯಲ್ಲಿ ತಡವರಿಸಿ ಅವನ ತಲೆ ಹುಡುಕಿತು. ಕಿವಿ ಸಿಕ್ಕಿತು. ಹಿಂಡುತ್ತಾರೆಂದು ಕುಮಾರ ಕಣ್ಣು ಮುಚ್ಚಿದ. ಅವರು ಹಿಂಡಲಿಲ್ಲ, ಸುಮ್ಮನೆ ಹಿಡಿದುಕೊಂಡು ದೊಡ್ಡ ಉಸಿರು ಬಿಟ್ಟರು.

“ಹಂಗಾರೆ ನಂಗೂ ಏನೂ ಕಾಣೂದಿಲ್ಲ ತಮಾ,” ಎಂದರು.

ಆಗ ಕುಮಾರ ಅತ್ತ. ಮೂವತ್ತೊಂಬತ್ತು ವರ್ಷದ ಗಂಡಸು ಹೇಗೆ ಅಳಬಾರದೋ ಹಾಗೆ, ಮೂಗು ಬಾಯಿ ಒಂದಾಗುವಂತೆ ಅತ್ತ. ಅಕ್ಕೋರು ತಡೆಯಲಿಲ್ಲ. ಅವನು ಸುಸ್ತಾದ ಮೇಲೆ ಕೇಳಿದರು:

“ನಾ ಓದಿದ್ದು ಸರಿ ಇತ್ತಾ?”

“ಒಂದಕ್ಷರ ತಪ್ಪಿರ್ಲಿಲ್ಲ ಅಕ್ಕೋರೆ.”

“ಅದ್ರಲ್ಲಿ ಬರ್ದದ್ದು ಅದೇನಾ?”

“ಅಲ್ಲ.”

“ಎಂತ ಬರ್ದದೆ ಹಂಗಾರೆ?”

“ಬಳಕೆದಾರರ ಮಾಹಿತಿ ಕುರಿತು ಪ್ರಕಟಣೆ.”

ಅಕ್ಕೋರ ತುಟಿಯ ಕೊನೆ ಅದುರಿತು. ಹೊಟ್ಟೆಯಿಂದ ನಗು ಎದ್ದು ಬಂತು. ಕಾಣದ ಕಣ್ಣುಗಳಿಂದ ನೀರು ಇಳಿಯುವ ತನಕ ನಕ್ಕರು. ಬಾಗಿಲಲ್ಲಿ ವೈಶಾಲಿಯೂ ಸೆರಗು ಬಾಯಿಗೆ ಇಟ್ಟುಕೊಂಡಳು. ನಗುವುದಕ್ಕೋ ಅಳುವುದಕ್ಕೋ ಅವಳಿಗೇ ಗೊತ್ತಿರಲಿಲ್ಲ.

“ಓದು,” ಎಂದು ಅಕ್ಕೋರು ಮೊಬೈಲು ಅವನ ಕಡೆ ಚಾಚಿದರು.

“ಅದನ್ನಾ? ಬೇಡ ಅಕ್ಕೋರೆ. ಅವ್ವಿ ಹೇಳಿದ ಕತೆ ಅದೆ, ಇಪ್ಪತ್ತೈದು. ಅದನ್ನ ಓದ್ತೆ.”

“ಅದೂ ಓದುವೆಯಂತೆ. ದಿನಾ ಬಾ. ಮೊದ್ಲು ಬರ್ದದ್ದು ಬರ್ದ ಹಂಗೆ ಓದು. ಎದ್ದು ನಿಂತು ಓದು.”

ಕುಮಾರ ಎದ್ದು ನಿಂತ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮೊಬೈಲನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದ.

“ಬಳಕೆದಾರರ ಮಾಹಿತಿ ಕುರಿತು ಪ್ರಕಟಣೆ. ಮಾನ್ಯ ಓದುಗರೆ, ಈ ಆಪ್ ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ…”

ಅಲ್ಲಿಗೆ ಅವನು ಓದು ನಿಲ್ಲಿಸಿದ.

“ನಿಲ್ಸಬೇಡ,” ಎಂದರು ಅಕ್ಕೋರು. “ಪೂರ್ಣವಿರಾಮ ಎಲ್ಲದೆಯೋ ಅಲ್ಲೀ ತನಕ ಓದು.”

ಕುಮಾರ ಓದಿದ.